ಮೂರು ಸಲ ನೆನೆದವಳು

ತಲೆಯ ಮೇಲೆ ಮೊದಲ ತಂಬಿಗೆ ನೀರು ಸುರಿದುಕೊಳ್ಳುವ ಮುಂಚೆ ನಾನು ಮೂಗು ಹಿಡಿದುಕೊಳ್ಳುತ್ತೇನೆ. ಎಡಗೈಯಲ್ಲಿ ಮೂಗು, ಬಲಗೈಯಲ್ಲಿ ತಂಬಿಗೆ. ಇದನ್ನು ಕಂಡು ಮನೆಯ ಹುಡುಗರು ನಕ್ಕು ನಕ್ಕು ಸಾಕಾಗಿ ಈಗ ನಗುವುದನ್ನೂ ಬಿಟ್ಟಿದ್ದಾರೆ. ಸೊಸೆ ಒಮ್ಮೆ, ಒಂದು ತಂಬಿಗೆ ನೀರಿನಲ್ಲಿ ಯಾರಾದರೂ ಮುಳುಗುತ್ತಾರೆಯೇ ಎಂದು ಕೇಳಿದ್ದಳು. ಮುಳುಗುವುದಿಲ್ಲ, ನಿಜ. ಆದರೆ ಒಮ್ಮೆ ಇಡೀ ತುಂಗಭದ್ರೆ ಯಾರ ಮೂಗಿನೊಳಗೆ ಹೊಕ್ಕು ಬಂದಿದೆಯೋ ಅವರು ತಂಬಿಗೆಯನ್ನೂ ನಂಬುವುದಿಲ್ಲ.

ನನಗೆ ದೀಕ್ಷಾಸ್ನಾನ ಆಗಿದೆ. ಎಷ್ಟು ಸಲ ಎಂದು ಕೇಳಬೇಡಿ. ಅದರಲ್ಲಿ ಗಂಗಾವತಿಯವರದು ಒಂದು ಲೆಕ್ಕ, ಕೊಪ್ಪಳದವರದು ಇನ್ನೊಂದು, ನನ್ನದು ಮತ್ತೊಂದು.

ಗೊತ್ತಿಲ್ಲದವರಿಗೆ ಹೇಳಬೇಕು. ಕ್ರಿಸ್ತನ ಮಂದಿಯಲ್ಲಿ ನೀರಿನ ವಿಷಯಕ್ಕೆ ಎರಡು ಪಂಗಡ. ಒಂದು ಪಂಗಡದವರು ಎಳೆಗೂಸನ್ನು ಗುಡಿಗೆ ಒಯ್ದು ಹಣೆಯ ಮೇಲೆ ನಾಲ್ಕು ಹನಿ ಚಿಮುಕಿಸಿ ಕೆಲಸ ಮುಗಿಸುತ್ತಾರೆ. ಇನ್ನೊಂದು ಪಂಗಡದವರು ಅದನ್ನು ಒಪ್ಪುವುದಿಲ್ಲ. ಬುದ್ಧಿ ಬಲಿತ ಮೇಲೆ, ನಾನಾಗಿಯೇ ನಂಬಿದ್ದೇನೆ ಎಂದು ಹೇಳಿದವರನ್ನಷ್ಟೇ ಹೊಳೆಗೋ ಬಾವಿಗೋ ಕರೆದೊಯ್ದು, ಅಂಗಾಲಿನಿಂದ ನೆತ್ತಿಯವರೆಗೆ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಈ ಎರಡನೆಯವರೇ ಬ್ಯಾಪ್ಟಿಸ್ಟರು. ನಮ್ಮ ಕಡೆಯ ನಾಲಿಗೆಗೆ ಆ ಹೆಸರು ಹೊರಳುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು 'ಮುಳುಗೋ ಮಂದಿ' ಎಂದೇ ಕರೆಯುತ್ತಿದ್ದರು.

ನಾನು ಹುಟ್ಟಿದ್ದು ಗಂಗಾವತಿಯಲ್ಲಿ, ಚಿಮುಕಿಸುವವರ ಮನೆಯಲ್ಲಿ. ಅಪ್ಪ ದವಾಖಾನೆಯ ಕಂಪೌಂಡರು. ಬಾಟಲಿಯಲ್ಲಿ ಔಷಧ ಅಳೆದು ಅಳೆದು ಅವರಿಗೆ ಎಲ್ಲದರಲ್ಲೂ ಹನಿಗಳ ಲೆಕ್ಕವೇ ಹಿತವಾಗಿತ್ತು. ದೇವರ ಕೃಪೆಯೂ ಅಷ್ಟೇ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ನಾಲ್ಕು ಹನಿ ಸಾಕು ಎನ್ನುತ್ತಿದ್ದರು. ನನಗೆ ಆ ನಾಲ್ಕು ಹನಿ ಬಿದ್ದಾಗ ನಾನು ನಿದ್ದೆಯಲ್ಲಿದ್ದೆನಂತೆ. ಎಚ್ಚರವೂ ಆಗಲಿಲ್ಲ ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು. ಗುಡಿಯಲ್ಲಿ ಅಯ್ಯನವರ ಪ್ರಸಂಗದ ಹೊತ್ತಿಗೆ ನಿದ್ದೆ ಬರುವ ನನ್ನ ಗುಣ ಅಂದಿನಿಂದಲೇ ಬಂದದ್ದಿರಬೇಕು.

ಮದುವೆಯಾದದ್ದು ಕೊಪ್ಪಳಕ್ಕೆ. ದೊಡ್ಡ ಲಡಾಯಿ ನಡೆಯುತ್ತಿದ್ದ ಕಾಲ. ಸಕ್ಕರೆಯೂ ಇಲ್ಲ, ಚಿಮಣಿ ಎಣ್ಣೆಯೂ ಇಲ್ಲ, ನಮ್ಮ ಮಂದಿಯಲ್ಲಿ ಓದಿದ ಗಂಡಂತೂ ಮೊದಲೇ ಇಲ್ಲ. ಸಾಲಿ ಮಾಸ್ತರನೊಬ್ಬ ಸಿಕ್ಕಿದ್ದೇ ಭಾಗ್ಯವೆಂದು ಅಪ್ಪ ಒಪ್ಪಿಬಿಟ್ಟರು. ಹುಡುಗ ಬೀಡಿ ಸೇದುವುದಿಲ್ಲ, ಉರ್ದುವಿನಲ್ಲಿ ಅರ್ಜಿ ಬರೆಯುತ್ತಾನೆ, ತಾಯಿಗೆ ಒಬ್ಬನೇ ಮಗ ಎಂದು ಎಲ್ಲವನ್ನೂ ವಿಚಾರಿಸಿದ ಅಪ್ಪ, ನೀರಿನ ವಿಚಾರ ಮಾತ್ರ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕೊಪ್ಪಳದ ಬ್ಯಾಪ್ಟಿಸ್ಟ್ ಸಭೆ ಎಂದರೆ ಸ್ಟೇಷನ್ನಿನ ಹತ್ತಿರದ ಹಳೆಯ ಹತ್ತಿ ವಖಾರಿಯಲ್ಲಿ ಕೂಡುವ ಕೆಲವು ಮನೆಗಳ ಮಂದಿ. ಗೋಡೆಯ ಸಂದಿಯಲ್ಲಿ ಇನ್ನೂ ಅರಳೆ ಇತ್ತು. ಜೋರಾಗಿ ಹಾಡಿದರೆ ಅದು ಹಾರಿ ಬಂದು ಹಾಡುವವರ ಬಾಯೊಳಗೆ ಹೋಗುತ್ತಿತ್ತು. ತೆಲುಗು ಸೀಮೆಯಿಂದ ರೈಲಿನ ಕೆಲಸಕ್ಕೆ ಬಂದ ಮೇಸ್ತ್ರಿಗಳು ಈ ಮತವನ್ನು ತಮ್ಮ ಟ್ರಂಕಿನ ಜೊತೆಗೆ ತಂದವರು. ಅವರು ಮುಂದಿನ ಊರಿಗೆ ಹೋದರು, ಮತ ಇಲ್ಲಿ ಉಳಿಯಿತು. ಸಭಾಪಾಲಕರಾದ ರತ್ನಂ ಅಯ್ಯನವರೂ ತೆಲುಗಿನವರೇ. ಸಣಕಲು ಮೈ, ಗಟ್ಟಿ ಕಂಠ. ಪ್ರಾರ್ಥನೆಯ ನಡುವೆ ರೈಲು ಬಂದರೆ ಕಣ್ಣು ಮುಚ್ಚಿಕೊಂಡೇ ನಿಲ್ಲಿಸಿ, ಕಡೆಯ ಡಬ್ಬಿ ದಾಟಿದ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಿದ್ದರು. ಗೂಡ್ಸು ಗಾಡಿಯ ದಿನ ನಮ್ಮ ಪ್ರಾರ್ಥನೆ ಉದ್ದ.

ಈ ಮಂದಿಗೆ ಮೇಲಿನವರು ಯಾರೂ ಇಲ್ಲ. ಬಿಷಪ್ಪರಿಲ್ಲ, ಹುಕುಂ ಇಲ್ಲ. ನಿಜಾಮರ ರಾಜ್ಯದಲ್ಲಿ ಪಟೇಲನ ಮುಂದೆ ತಲೆ ಎತ್ತಲು ಹೆದರುವ ಜನ, ಭಾನುವಾರ ವಖಾರಿಯೊಳಗೆ ಬಂದರೆ ಎಲ್ಲದಕ್ಕೂ ಕೈ ಎತ್ತುತ್ತಿದ್ದರು. ಮುಳುಗಿದವರಿಗೆಲ್ಲ ಒಂದೊಂದು ಕೈ, ಹೆಂಗಸರಿಗೂ ಕೂಡ. ಗೋಡೆಗೆ ಸುಣ್ಣ ಬಿಳಿಯೋ ನೀಲಿಯೋ, ಹಾಡಿಗೆ ತಾಳ ಬೇಕೋ ಬಾಜಾ ಪೆಟ್ಟಿಗೆ ಸಾಕೋ, ನಾಯಿ ಒಳಗೆ ಬಂದರೆ ಪ್ರಾರ್ಥನೆ ನಿಲ್ಲಿಸಿ ಓಡಿಸಬೇಕೋ ಮುಗಿಸಿ ಓಡಿಸಬೇಕೋ, ಎಲ್ಲಕ್ಕೂ ಕೈ. ಪಂಚಾಂಗ ನೋಡುವುದು ಪಾಪ ಎಂದು ಕೂಡ ಕೈ ಎತ್ತಿಯೇ ಗೊತ್ತು ಮಾಡಿದ್ದರು. ಆ ಗೊತ್ತುವಳಿಯಿಂದ ಮುಂದೆ ಏನಾಯಿತೆಂದು ಆಮೇಲೆ ಹೇಳುತ್ತೇನೆ.

ಕೈ ಎತ್ತುವ ಜನ ಇದ್ದಲ್ಲಿ ಎದ್ದು ಹೋಗುವ ಜನವೂ ಇರುತ್ತಾರೆ. ಕುಷ್ಟಗಿಯವರು ಹರಿಯುವ ನೀರಿನಲ್ಲೇ ಮುಳುಗಬೇಕು, ಕ್ರಿಸ್ತ ಮುಳುಗಿದ ಯೊರ್ದನ್ ಹರಿಯುವ ಹೊಳೆಯಲ್ಲವೇ ಎಂದು ಹಟ ಹಿಡಿದು ಬೇರೆಯಾದರು. ಯಲಬುರ್ಗಿಯವರು ಬಾವಿ ನೀರೂ ದೇವರದೇ ಎಂದು ಬೇರೆಯಾದರು. ಯಲಬುರ್ಗಿಯಲ್ಲಿ ಬಾವಿಗಳಿದ್ದವು, ಅವರ ಮಾತಿಗೆ ಅರ್ಥವಿತ್ತು. ಆದರೆ ಕುಷ್ಟಗಿಯಲ್ಲಿ ಹರಿಯುವ ನೀರು ಎಲ್ಲಿಂದ ಬರಬೇಕು? ಅಲ್ಲಿ ನಂಬಿಕೆ ಹುಟ್ಟಿದವನು ಮಳೆಗಾಲದವರೆಗೆ ಕಾಯಬೇಕು. ಮಳೆ ಬಿದ್ದು ಹಳ್ಳ ಬಂದ ಸುದ್ದಿ ತಿಳಿದ ಕೂಡಲೇ, ಉಣ್ಣುವ ತಾಟು ಬಿಟ್ಟು ಬಿಳಿ ಬಟ್ಟೆ ತೊಟ್ಟು ಓಡಬೇಕು. ಒಂದು ವರ್ಷ ಹಳ್ಳವೇನೋ ಬಂತು, ಬಂದ ರಭಸಕ್ಕೆ ಸಭಾಪಾಲಕರ ಕೆರವನ್ನೂ ಹಾಡಿನ ಪುಸ್ತಕಗಳನ್ನೂ ಹೊತ್ತುಕೊಂಡು ಹೋಯಿತು. ಕೆರ ಸಿಗಲಿಲ್ಲ.

ಇಂಥ ಸಭೆಗೆ ನಾನು ಸೊಸೆಯಾಗಿ ಮೊದಲ ಭಾನುವಾರ ಹೋದೆ. ಅಂದು ರೊಟ್ಟಿ ಮುರಿಯುವ ದಿನ. ಕ್ರಿಸ್ತನ ಕಡೆಯ ಊಟದ ನೆನಪಿಗೆ ರೊಟ್ಟಿಯ ಚೂರನ್ನೂ ದ್ರಾಕ್ಷಾರಸವನ್ನೂ ಎಲ್ಲರಿಗೂ ಹಂಚುತ್ತಾರೆ. ಕೊಪ್ಪಳದಲ್ಲಿ ಅದು ಸಾಕ್ಷಾತ್ ಜೋಳದ ರೊಟ್ಟಿ. ಹೆಂಡ ಮುಟ್ಟದ ಮಂದಿಯಾದ್ದರಿಂದ ದ್ರಾಕ್ಷಾರಸವೆಂದರೆ ಒಣದ್ರಾಕ್ಷಿ ಕುದಿಸಿದ ನೀರು. ರೊಟ್ಟಿಯ ತಾಟು ಹಿಡಿದು ಬರುತ್ತಿದ್ದವರು ಹಿರಿಯರಾದ ಯೋಬಪ್ಪ. ಪೇಟೆಯಲ್ಲಿ ದರ್ಜಿ. ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ನನ್ನ ಅತ್ತೆಗೆ ತಾಟು ಹಿಡಿದರು. ನಾನು ಕೈ ಚಾಚಿದೆ. ತಾಟು ನನ್ನ ಬೆರಳ ತುದಿಯ ಮೇಲಿಂದ ಹಾರಿ ಪಕ್ಕದ ಮುದುಕಿಯ ಹತ್ತಿರ ಇಳಿಯಿತು.

ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಸೆರಗು ಸರಿಮಾಡಿಕೊಂಡೆ. ಸೆರಗು ಸರಿಯಾಗಿಯೇ ಇತ್ತು.

ಮನೆಗೆ ಬಂದು ನಮ್ಮವರನ್ನು ಕೇಳಿದೆ. ಅವರು ಪಾಠ ಒಪ್ಪಿಸುವ ಹುಡುಗನ ಹಾಗೆ ಗೋಡೆ ನೋಡುತ್ತ, ನಿನಗೆ ಇನ್ನೂ ದೀಕ್ಷಾಸ್ನಾನ ಆಗಿಲ್ಲವಲ್ಲ ಎಂದರು. ಆಗಿದೆ ಎಂದೆ. ಅದು ಲೆಕ್ಕಕ್ಕೆ ಬರುವುದಿಲ್ಲ ಎಂದರು. ಅತ್ತೆ ಮಾರ್ಥವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು. ಆ ದಿನದ ಬಡಿತ ಮಾತ್ರ ಓಣಿಯ ಕೊನೆಗೂ ಕೇಳಿಸುವಂತಿತ್ತು. ದೊಡ್ಡ ದೇಹದ ಹೆಂಗಸು. ನಕ್ಕರೆ ಮೈಯೆಲ್ಲ ನಗುತ್ತಿತ್ತು, ಸಿಟ್ಟಾದರೆ ಮೈಯೆಲ್ಲ ಸುಮ್ಮನಾಗುತ್ತಿತ್ತು.

ಸುದ್ದಿ ಗಂಗಾವತಿಗೆ ಮುಟ್ಟಿತು. ಅಪ್ಪ ಬಂದೇ ಬಿಟ್ಟರು. ನಮ್ಮ ಕಟ್ಟೆಯ ಮೇಲೆ ಅವರಿಗೂ ಯೋಬಪ್ಪನವರಿಗೂ ದೊಡ್ಡ ವಾದ ನಡೆಯಿತು. ಮೊದಲು ಇಬ್ಬರೂ ಬೈಬಲ್ಲಿನ ಮಾತು ತೆಗೆದರು. ಅದರಲ್ಲಿ ಇಬ್ಬರೂ ಸಮಸಮ. ಆಮೇಲೆ ಯೋಬಪ್ಪ ಕನ್ನಡಕ್ಕೇ ಇಳಿದರು.

"ದೀಕ್ಷಾಸ್ನಾನ ಅಂತ ಬರದೈತಿ ಕಂಪೌಂಡರ, ದೀಕ್ಷಾ ಸಿಂಪರಣಿ ಅಂತ ಬರದಿಲ್ಲ. ಮಾರಿ ತೊಳಕೊಂಡಾಂವಗ ಜಳಕ ಮಾಡ್ಯಾನ ಅಂತೀರೇನು?"

ಕನ್ನಡ ತಮಗೆ ಹೀಗೆ ಕೈಕೊಡುತ್ತದೆಂದು ಅಪ್ಪ ಎಣಿಸಿರಲಿಲ್ಲ. ಆಮೇಲೆ, ಸೂಜಿಮದ್ದಿನಲ್ಲಿ ಹನಿ ಔಷಧ ಹೋದರೂ ಮೈಗೆಲ್ಲ ಹರಡುತ್ತದೆ, ರೋಗಿಯನ್ನು ಯಾರೂ ಔಷಧದ ಹಂಡೆಯಲ್ಲಿ ಅದ್ದುವುದಿಲ್ಲ ಎಂದರು. ಒಳಗಿನಿಂದ ಕೇಳುತ್ತಿದ್ದ ನನಗೆ ಎರಡೂ ಸರಿ ಎನ್ನಿಸಿ ತಲೆ ಗಿರ್ರೆಂದಿತು. ಗಿರ್ರೆನ್ನಲು ಬೇರೆ ಕಾರಣವೂ ಇತ್ತು. ನಾನು ಆಗ ಬಸುರಿ.

ಹೋಗುವಾಗ ಅಪ್ಪ ನನ್ನನ್ನು ಬಾಗಿಲ ಮರೆಗೆ ಕರೆದರು. "ತಂಗಿ, ಇನ್ನೊಮ್ಮಿ ನೀರಿಗಿ ಇಳದ್ರ, ನಾ ಮಾಡ್ಸಿದ್ದು ಸುಳ್ಳು ಅಂದಂಗ. ನಿಮ್ಮವ್ವನ ಪ್ರಾರ್ಥನಿ ಸುಳ್ಳು ಅಂದಂಗ. ಹಂಗ ಅನಿಸ್ತಂದ್ರ, ನಮ್ಮ ಹೊಸ್ತಿಲಾ ಮರತುಬಿಡು."

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆ ಹೊಸ್ತಿಲು ಮರೆತರೆ ನಾನು ಎಲ್ಲಿಗೆ ಹೋಗಲಿ? ಇತ್ತ ಯೋಬಪ್ಪ ನಮ್ಮವರಿಗೆ ಇನ್ನೊಂದು ಮಾತು ಹೇಳಿದ್ದರು. ಹೆಂಡತಿ ಸಭೆಯ ಹೊರಗೆ ನಿಂತಿರುವಾಗ ಗಂಡ ಭಾನುವಾರದ ಸಾಲಿಯಲ್ಲಿ ಮಕ್ಕಳಿಗೆ ಪಾಠ ಹೇಳುವುದು ಸರಿಯಲ್ಲ, ಸಭೆ ಕೂಡಿಸಿ ಗೊತ್ತು ಮಾಡೋಣ ಎಂದು. ಆ ಪಾಠ ನಮ್ಮವರ ಪ್ರಾಣ. ಸರಕಾರಿ ಸಾಲಿಯಲ್ಲಿ ಬೆತ್ತ ಹಿಡಿದು ಉರ್ದು ಲೆಕ್ಕ ಕಲಿಸುವ ಮನುಷ್ಯ, ಭಾನುವಾರ ಅದೇ ಮಕ್ಕಳ ಮುಂದೆ ನೆಲದ ಮೇಲೆ ಕೂತು, ನೋಹನ ಹಡಗಿನ ಆನೆಯಾಗಿ ಸೊಂಡಿಲು ಬೀಸುತ್ತಿದ್ದರು. ಆ ಮಾತು ಕೇಳಿದ ಮೇಲೆ ಅವರು ನನಗೆ ಮುಳುಗು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಊಟ ಕಡಿಮೆ ಮಾಡಿದರು. ಗಂಡಸರ ಮೌನಕ್ಕಿಂತ ಅವರು ಬಿಟ್ಟ ರೊಟ್ಟಿ ನೋಡುವುದು ಕಷ್ಟ.

ಒಂದು ಮಧ್ಯಾಹ್ನ ಅತ್ತೆ ನನ್ನ ಮುಂದೆ ಶೇಂಗಾದ ಮೊರ ಇಟ್ಟು ತಾನೂ ಸುಲಿಯುತ್ತ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಳು. ತನ್ನ ದೀಕ್ಷಾಸ್ನಾನದ ಕತೆಯನ್ನು ಅಂದು ಹೇಳಿದಳು. ಅದು ನಡೆದದ್ದು ಯಲಬುರ್ಗಿಯ ಮೆಟ್ಟಿಲ ಬಾವಿಯಲ್ಲಿ. ಅವಳನ್ನು ಮುಳುಗಿಸಲು ಬಂದವರು ನಮ್ಮ ರತ್ನಂ ಅಯ್ಯನವರಿಗಿಂತಲೂ ತೆಳ್ಳಗಿನ ಸಭಾಪಾಲಕರು. ಇವಳು ನೀರಿಗಿಳಿದ ಕೂಡಲೇ ಸೀರೆಯೊಳಗೆ ಗಾಳಿ ತುಂಬಿ ಬುರಬುರ ಉಬ್ಬಿತು. ಅವರು ಬೆನ್ನಿಗೆ ಒಂದು ಕೈ, ಎದೆಯ ಮೇಲೆ ಕಟ್ಟಿಕೊಂಡ ಇವಳ ಕೈಗೆ ಒಂದು ಕೈ ಕೊಟ್ಟು ಒತ್ತಿದರು. ಸೀರೆ ಮೇಲಕ್ಕೆ ಎತ್ತಿತು. ಮತ್ತೆ ಒತ್ತಿದರು. ಕಾಲು ಮುಳುಗಿದರೆ ತಲೆ ಮೇಲೆ, ಬೆನ್ನು ಮುಳುಗಿದರೆ ಮುಖ ಮೇಲೆ. ಕಡೆಗೆ ಸಭಾಪಾಲಕರು ದಣಿದು ಆಮೆನ್ ಎಂದುಬಿಟ್ಟರು. ದಂಡೆಯ ಮೇಲಿದ್ದವರೂ ಆಮೆನ್ ಎಂದರು.

"ಒಟ್ಟ ನನ್ನ ಮಾರಿ ಇವತ್ತಿಗೂ ಒಣಾನ ಐತಿ ನೋಡು," ಎಂದು ಅತ್ತೆ ಕಣ್ಣೊರೆಸಿಕೊಂಡಳು. "ಯಾರಿಗೂ ಹೇಳಿಲ್ಲ. ನಮ್ಮ ಮನಿಯವರಿಗೂ ಹೇಳಿದ್ದಿಲ್ಲ."

ನನಗೆ ಹೇಳಿದ್ದು ಸಮಾಧಾನಕ್ಕೆಂದು ತಿಳಿದುಕೊಂಡೆ. ಅದು ತಾಲೀಮು ಎಂದು ಗೊತ್ತಾದದ್ದು ಸಭೆ ಕೂಡಿದ ದಿನ.

ಅಂದು ವಖಾರಿ ತುಂಬಿತ್ತು. ನನ್ನನ್ನು ಬಾಗಿಲ ಹತ್ತಿರ ಕೂರಿಸಿದ್ದರು, ಮುಳುಗದವರಿಗೆ ಅಲ್ಲೇ ಜಾಗ. ಯೋಬಪ್ಪ ಎದ್ದು ನಿಂತು, ಇದು ಯಾರ ಮೇಲಿನ ದ್ವೇಷವೂ ಅಲ್ಲ, ಶಾಸ್ತ್ರದ ಮಾತು, ಪೂರ್ತಿ ಮುಳುಗದವರಿಗೆ ರೊಟ್ಟಿಯೂ ಇಲ್ಲ, ಅಂಥವರ ಮನೆಯವರಿಗೆ ಪಾಠವೂ ಇಲ್ಲ ಎಂದು ಗೊತ್ತು ಮಾಡೋಣ ಎಂದರು. ನಮ್ಮವರು ತಲೆ ತಗ್ಗಿಸಿ ಕೂತಿದ್ದರು. ಅಯ್ಯನವರು ಕೈ ಎತ್ತಲು ಹೇಳುವಷ್ಟರಲ್ಲಿ ಅತ್ತೆ ಎದ್ದಳು. ಅವಳು ಏಳುವುದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ ಇರುತ್ತದೆ.

ಯಲಬುರ್ಗಿ ಬಾವಿಯ ಕತೆಯನ್ನು ಒಂದಕ್ಷರ ಬಿಡದೆ ಹೇಳಿದಳು. ತನ್ನ ಮುಖ ಮುಳುಗಿಲ್ಲ, ಆದ್ದರಿಂದ ಇಷ್ಟು ವರ್ಷ ತಿಂದ ರೊಟ್ಟಿ ತಪ್ಪು, ತನ್ನನ್ನೂ ಬಾಗಿಲ ಹತ್ತಿರ ಸೊಸೆಯ ಪಕ್ಕದಲ್ಲಿ ಕೂರಿಸಿ ಎಂದಳು. ಯೋಬಪ್ಪ ಸಾವರಿಸಿಕೊಂಡು, ಹಾಗಿದ್ದರೆ ಮಾರ್ಥವ್ವನಿಗೆ ಇಲ್ಲಿ ಮಾತಾಡುವ ಹಕ್ಕೂ ಇಲ್ಲ, ಕೈ ಎತ್ತುವ ಹಕ್ಕೂ ಇಲ್ಲ ಎಂದರು.

"ಮಾರಿ ಮುಳುಗಿಲ್ಲ ಖರೆ," ಎಂದಳು ಅತ್ತೆ. "ಕೈ ಮುಳುಗ್ಯಾವ. ಎತ್ತತೀನಿ."

ಮೊದಲು ನಕ್ಕವರು ಯಾರೋ ತಿಳಿಯಲಿಲ್ಲ. ಆ ನಗು ನಿಲ್ಲುವ ಮುಂಚೆ ಅತ್ತೆ ಯೋಬಪ್ಪನವರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ನೀವು ಕುಷ್ಟಗಿ ಹಳ್ಳದಲ್ಲಿ ಮುಳುಗಿದ ದಿನ ನಾನೂ ದಂಡೆಯ ಮೇಲಿದ್ದೆ, ನೆನಪಿದೆಯೇ ಎಂದು ಕೇಳಿದಳು. ಆ ವರ್ಷ ಮಳೆ ಕಡಿಮೆ. ಹಳ್ಳದಲ್ಲಿ ಕಾಲಗಿಣ್ಣಿನ ಮಟ್ಟದ ನೀರು. ಯೋಬಪ್ಪನವರ ಹೊಟ್ಟೆ ಆಗಲೂ ಇದೇ ಹೊಟ್ಟೆ. ಅಂಗಾತ ಮಲಗಿಸಿದರೆ ಹೊಟ್ಟೆ ದ್ವೀಪದ ಹಾಗೆ ಮೇಲೆ ನಿಂತಿತು. ಕಡೆಗೆ ಅವರನ್ನು ಹೆಂಚಿನ ಮೇಲೆ ರೊಟ್ಟಿ ತಿರುವಿದಂತೆ ಒಂದು ಸಲ ಅಂಗಾತ, ಒಂದು ಸಲ ಬೋರಲು ಹಾಕಿ ಮುಗಿಸಿದ್ದರು. ಯೋಬಪ್ಪ ಕೆಂಪಾದರು. ಆಗಿದ್ದು ನಿಜವಾದ್ದರಿಂದ ಸುಳ್ಳು ಎನ್ನಲಿಲ್ಲ. ಆ ಮನುಷ್ಯನ ಬಗ್ಗೆ ನಾನು ಎಷ್ಟೇ ಹಗುರಾಗಿ ಮಾತಾಡಿದರೂ ಇದೊಂದನ್ನು ಹೇಳಲೇಬೇಕು, ಅವರು ಸುಳ್ಳು ಹೇಳುವವರಲ್ಲ. ಒಟ್ಟಿಗೆ ಒಂದೇ ಸಲ ಪೂರ್ತಿ ಮುಳುಗಿಲ್ಲ ಎಂದು ಎಲ್ಲರ ಮುಂದೆ ಒಪ್ಪಿಕೊಂಡರು.

ಆಮೇಲೆ ಯಾರಿಗೂ ತಡೆ ಇರಲಿಲ್ಲ. ರೈಲ್ವೆ ಗೇಟು ಕಾಯುವ ಮುದುಕನೊಬ್ಬ ಎದ್ದು, ನಾನು ಮುಳುಗುವಾಗ ತಂಬಾಕಿನ ಚಂಚಿ ತೊಯ್ಯಬಾರದೆಂದು ಬಲಗೈ ಮೇಲೆ ಹಿಡಿದಿದ್ದೆ, ಆ ಕೈ ಇನ್ನೂ ಮುಳುಗಿಲ್ಲ, ಅದಕ್ಕೇ ತಂಬಾಕು ಬಿಡಲಾಗುತ್ತಿಲ್ಲವೋ ಏನೋ ಎಂದ. ಒಬ್ಬಳ ತುರುಬು ಒಣಗಿತ್ತು. ಇನ್ನೊಬ್ಬಳ ಮೊಣಕಾಲು. ಹೀಗೆ ಹುಡುಕುತ್ತ ಹೋದರೆ ಆ ವಖಾರಿಯಲ್ಲಿ ಅಂಗಾಲಿನಿಂದ ನೆತ್ತಿಯವರೆಗೆ ನೆನೆದವರು ಬೆರಳೆಣಿಕೆಯಷ್ಟೂ ಉಳಿಯಲಿಲ್ಲ. ರತ್ನಂ ಅಯ್ಯನವರು ಹಣೆ ಒತ್ತಿಕೊಳ್ಳುತ್ತ ನಿಂತಿದ್ದರು. ಪುಣ್ಯಕ್ಕೆ ಆ ಹೊತ್ತಿಗೆ ಗೂಡ್ಸು ಗಾಡಿ ಬಂದು ಎಲ್ಲರಿಗೂ ಯೋಚಿಸಲು ಸಮಯ ಸಿಕ್ಕಿತು.

ಗಾಡಿ ದಾಟಿದ ಮೇಲೆ ಗೊತ್ತಾದದ್ದು ಇಷ್ಟು: ಅನುಮಾನ ಇದ್ದವರೆಲ್ಲ ಹುಲಿಗಿಗೆ ಹೋಗಿ ತುಂಗಭದ್ರೆಯಲ್ಲಿ ಒಮ್ಮೆ ಸರಿಯಾಗಿ ಮುಳುಗಬೇಕು. ಯೋಬಪ್ಪ ಮೆಲ್ಲಗೆ, ಸೊಸೆಯೂ ಎಂದರು. ಅತ್ತೆಯ ಮೈಯೆಲ್ಲ ಸುಮ್ಮನಾಯಿತು.

"ಅಕೀ ಮನಸಿಗಿ ಬಂದ್ರ ಬರ್ತಾಳ. ನೀವು ಅಂದ್ರಿ, ನಾ ಅಂದೆ ಅಂತ ಮುಳುಗಿದ್ರ ಎಮ್ಮಿ ಮೈ ತೊಳದಂಗ ಆತು. ನಮ್ಮ ಮತಾನ ಹಂಗ ಐತೆಲ್ರೀ, ಅವರವರ ನಂಬಿಕಿ ಅವರವರ ಬಾಯಾಗಿಂದ ಬರಬೇಕು ಅಂತ?"

ಹೆಂಗಸರ ಕೈಗಳು ಮೊದಲು ಎದ್ದವು. ಆಮೇಲೆ ಗಂಡಸರದು. ಕಡೆಗೆ ಯೋಬಪ್ಪನವರದೂ ಎದ್ದಿತು. ಬಾಗಿಲ ಹತ್ತಿರ ಕೂತ ನನಗೆ ಎತ್ತಲು ಕೈಯಿಲ್ಲ. ಸುಮ್ಮನೆ ನೋಡಿದೆ. ನನ್ನ ವಿಷಯದಲ್ಲಿ ನನ್ನನ್ನು ಕೇಳಬೇಕೆಂದು ಯಾರಾದರೂ ಅಂದದ್ದು ಅದೇ ಮೊದಲು.

ಹುಲಿಗಿಗೆ ಹೊರಟ ಭಾನುವಾರ ಮುಂಜಾನೆ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂಚಾಂಗ ನೋಡಬಾರದೆಂದು ಕೈ ಎತ್ತಿದ್ದೆವಲ್ಲ, ಅಂದು ಹುಣ್ಣಿಮೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹುಲಿಗಿಯ ದೇವಿ ಹುಲಿಗೆಮ್ಮನ ಭಕ್ತರೆಲ್ಲ ನಮ್ಮ ಜೊತೆಗೇ ಹೊರಟಿದ್ದರು. ಮುನಿರಾಬಾದಿನಲ್ಲಿ ಇಳಿದು ಹೊಳೆಗೆ ಹೋದರೆ ದಂಡೆಯ ತುಂಬ ಮಂದಿ. ಆಗ ಅಣೆಕಟ್ಟು ಇರಲಿಲ್ಲ, ಹೊಳೆ ಬಂಡೆಗಳ ನಡುವೆ ತನಗೆ ಬೇಕಾದ ಹಾಗೆ ಹರಿಯುತ್ತಿತ್ತು. ಅವರೂ ಮುಳುಗುತ್ತಿದ್ದರು, ನಾವೂ ಮುಳುಗಲು ಬಂದವರು. ಜೋಗತಿಯೊಬ್ಬಳು ಚೌಡಿಕೆ ನುಡಿಸುತ್ತಿದ್ದಳು. ನಮ್ಮ ಸಭೆಯವರು ಕೀರ್ತನೆ ಎತ್ತಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಕೀರ್ತನೆ ಚೌಡಿಕೆಯ ತಾಳಕ್ಕೆ ಸೇರಿಕೊಂಡಿತು. ಅಯ್ಯನವರು ಕಣ್ಣುಬಿಟ್ಟು ನೋಡಿದರು, ತಾಳ ತಪ್ಪಲಿಲ್ಲವಾದ್ದರಿಂದ ಬಿಟ್ಟರು. ಅಷ್ಟು ಚೆಂದಾಗಿ ನಾವು ಮತ್ತೆಂದೂ ಹಾಡಲಿಲ್ಲ.

ಪಕ್ಕದಲ್ಲಿ ಸ್ನಾನ ಮಾಡುತ್ತಿದ್ದ ಭಕ್ತೆಯೊಬ್ಬಳು ಅತ್ತೆಯನ್ನು, ನಿಮ್ಮದು ಯಾವ ಹರಕೆ ಎಂದು ಕೇಳಿದಳು. ಸೀರೆ ಉಬ್ಬದಂತೆ ಗಟ್ಟಿಯಾಗಿ ಕಚ್ಚೆ ಬಿಗಿಯುತ್ತಿದ್ದ ಅತ್ತೆ, "ಹರಕಿ ಅಲ್ಲವ್ವಾ, ಮಾರಿ ಒಂದು ಉಳದಿತ್ತು" ಎಂದಳು.

ನನ್ನನ್ನು ಒಂದು ಬಂಡೆಯ ಮೇಲೆ ಕೂರಿಸಿ ಅಲ್ಲಾಡಬೇಡ ಎಂದಿದ್ದರು. ಮೊದಲು ಯೋಬಪ್ಪ ಇಳಿದರು. ಹೊಟ್ಟೆಸಹಿತ ಮುಳುಗಿ ಎದ್ದು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತರು. ಹೊಳೆಯ ನೀರೋ ಬೇರೆಯೋ ತಿಳಿಯಲಿಲ್ಲ. ಆಮೇಲೆ ಅತ್ತೆಯ ಸರದಿ. ಒಂದು ಬದಿಗೆ ಅಯ್ಯನವರು, ಇನ್ನೊಂದು ಬದಿಗೆ ಯೋಬಪ್ಪ. ಈ ಸಲ ಸೀರೆ ಉಬ್ಬಲಿಲ್ಲ. ಅತ್ತೆ ಬಂಡೆ ಉರುಳಿದಂತೆ ಹಿಂದಕ್ಕೆ ಹೋದಳು, ಅವಳ ಜೊತೆಗೆ ಎರಡೂ ಬದಿಯವರು ಹೋದರು. ಮೂವರೂ ಕಾಣಲಿಲ್ಲ. ನೀರಿನ ಮೇಲೆ ಅಯ್ಯನವರ ಕನ್ನಡಕ ಒಂದು ಕ್ಷಣ ಮಿನುಗಿ ಮಾಯವಾಯಿತು.

ನನಗೆ ನಗು ಬಂತು, ಅದರ ಬೆನ್ನಿಗೇ ಹೆದರಿಕೆ ಬಂತು. ಅತ್ತೆ ಎಂದು ಕೂಗಿ ಎದ್ದೆ. ಬಂಡೆಯ ಮೇಲೆ ಪಾಚಿ. ಕೂಗಲು ತೆರೆದ ಬಾಯಲ್ಲೇ ನೀರಿಗೆ ಬಿದ್ದೆ. ಸೊಂಟದ ಮಟ್ಟದ ನೀರೇ, ಆದರೆ ಬಿದ್ದವಳಿಗೆ ಸೊಂಟ ಎಲ್ಲಿ ಮೂಗು ಎಲ್ಲಿ ಎಂದು ತಿಳಿಯುವುದಿಲ್ಲ. ಹೊಳೆ ಮೂಗಿನಲ್ಲಿ ಹೊಕ್ಕು ಕಣ್ಣಲ್ಲಿ ಬಂತು. ನಮ್ಮವರು ಉಟ್ಟ ಬಟ್ಟೆಯಲ್ಲೇ ಧುಮುಕಿ ನನ್ನನ್ನು ಎತ್ತಿ ನಿಲ್ಲಿಸಿದರು. ಅತ್ತೆ, ಅಯ್ಯನವರು, ಯೋಬಪ್ಪ ಮೂವರೂ ಅಷ್ಟರಲ್ಲಿ ಎದ್ದು ಕೆಮ್ಮುತ್ತ ನನ್ನ ಕಡೆ ಓಡಿ ಬಂದರು. ಹೊಟ್ಟೆ ಮುಟ್ಟಿ ನೋಡಿಕೊಂಡೆ. ಒಳಗಿನದು ಒದೆಯಿತು. ತನ್ನನ್ನು ಕೇಳದೆ ನೀರಿಗೆ ಇಳಿಸಿದ್ದಕ್ಕೆ ಇರಬೇಕು.

ನಾನು ಉಸಿರು ತೆಗೆದುಕೊಂಡದ್ದನ್ನು ನೋಡಿ ಯೋಬಪ್ಪನವರ ಮುಖ ಬೆಳಗಿತು. ಪೂರ್ತಿ ಮುಳುಗ್ಯಾಳ, ಜಡಿ ಸಹಿತ, ನಾನೇ ಸಾಕ್ಷಿ ಎಂದರು. ಅಯ್ಯನವರೂ ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, ದೇವರ ಚಿತ್ತ ಹೀಗೂ ಇರಬಹುದು, ನಂಬಿದ್ದೇನೆ ಎಂದು ಈಗ ಬಾಯಲ್ಲಿ ಹೇಳಿದರೆ ಮುಗಿಯಿತು ಎಂದರು. ಅತ್ತೆ ನನ್ನ ಕಿವಿಯಲ್ಲಿ, ಗಂಗಾವತಿಯಲ್ಲಿ ಕಾಲು ಜಾರಿತು ಅನ್ನು, ಅದೂ ಸುಳ್ಳಲ್ಲ ಎಂದಳು. ಎಲ್ಲರಿಗೂ ಅನುಕೂಲ. ಕೊಪ್ಪಳದಲ್ಲಿ ಅದು ದೀಕ್ಷಾಸ್ನಾನ, ಗಂಗಾವತಿಯಲ್ಲಿ ಅದು ಪಾಚಿ.

ನಾನು ತಲೆಯಾಡಿಸಬೇಕಿತ್ತು. ಇವತ್ತಿನವರೆಗೆ ಯೋಚಿಸಿದ್ದೇನೆ, ಯಾಕೆ ಆಡಿಸಲಿಲ್ಲ ಎಂದು. ಭಕ್ತಿ ಉಕ್ಕಿತು ಎಂದು ಹೇಳಿದರೆ ನನ್ನನ್ನು ಬಲ್ಲವರು ನಗುತ್ತಾರೆ. ಕ್ರಿಸ್ತ ಮುಳುಗಿ ಎದ್ದಾಗ ಆದಂತೆ ಆಕಾಶ ತೆರೆಯಲಿಲ್ಲ, ಪಾರಿವಾಳ ಇಳಿಯಲಿಲ್ಲ, ಚೌಡಿಕೆ ಬಿಟ್ಟರೆ ಬೇರೆ ಯಾವ ದನಿಯೂ ಕೇಳಲಿಲ್ಲ. ಆದರೆ ಒಂದು ಸಲ ನಿದ್ದೆಯಲ್ಲಿದ್ದಾಗ ನೀರು ಬಿತ್ತು. ಇನ್ನೊಂದು ಸಲ ನಾನೇ ನೀರಿಗೆ ಬಿದ್ದೆ. ಎರಡೂ ಸಲ ನಾನು ಅಲ್ಲಿ ಇದ್ದೂ ಇರಲಿಲ್ಲ. ಮದುವೆಯೂ ಹಾಗೆಯೇ ಆಗಿತ್ತು, ಯಾರೂ ಕೇಳಿರಲಿಲ್ಲ. ಅದು ಪುಣ್ಯಕ್ಕೆ ಒಳ್ಳೆಯದಾಯಿತು, ಆ ಮಾತು ಬೇರೆ.

"ಅದು ಬಿದ್ದದ್ದರಿ," ಎಂದೆ. "ನಾ ಇನ್ನೂ ಮುಳುಗಿಲ್ಲ. ನಂಬೀನಿ. ಈಗ ಮುಳುಗ್ತೀನಿ, ನಾನಾಗೇ."

ಅತ್ತೆ ನನ್ನ ಮುಖವನ್ನೇ ನೋಡಿದಳು. ಅಪ್ಪನ ಹೊಸ್ತಿಲ ನೆನಪು ಅವಳ ಕಣ್ಣಲ್ಲೂ ಇತ್ತು. ಬಗ್ಗಿ ನನ್ನ ಸೀರೆಯ ನಿರಿಗೆ ಹಿಡಿದು ಕಾಲಿಗೆ ಸುತ್ತಿ ಬಿಗಿದಳು. ಮೂಗು ಹಿಡಕೊ ಎಂದಳು. ಹಿಡಿದುಕೊಂಡೆ. ಅಯ್ಯನವರು ಈ ಸಲ ಬಹಳ ಮೆಲ್ಲಗೆ, ಒಡೆಯುವ ಪಾತ್ರೆ ತೊಳೆಯುವವರ ಹಾಗೆ ನನ್ನನ್ನು ಹಿಂದಕ್ಕೆ ಬಾಗಿಸಿದರು. ನೀರಿನೊಳಗೆ ಸದ್ದಿರಲಿಲ್ಲ.

ಮುಂದಿನ ಸಲ ರೊಟ್ಟಿ ಮುರಿದಾಗ ಯೋಬಪ್ಪನವರ ತಾಟು ನನ್ನ ಮುಂದೆ ನಿಂತಿತು. ರೊಟ್ಟಿಗೆ ಉಪ್ಪು ಹಾಕುವುದನ್ನು ಯಾರೋ ಮರೆತಿದ್ದರು. ನಮ್ಮವರು ಮಕ್ಕಳ ನಡುವೆ ಮತ್ತೆ ಆನೆಯಾದರು.

ಏಳನೆಯ ತಿಂಗಳಲ್ಲಿ ಅವರು ನನ್ನನ್ನು ಗಂಗಾವತಿಗೆ ಕರೆದುಕೊಂಡು ಹೊರಟರು. ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಅಲ್ಲಿಂದ ಯಾರೂ ಹೇಳಿ ಕಳಿಸಿರಲಿಲ್ಲ. ಪೆಟ್ರೋಲು ಸಿಗದ ಕಾಲ, ಇದ್ದಿಲಿನ ಹೊಗೆಯಿಂದ ಓಡುವ ಮೋಟಾರು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ತವರಿನ ಬಾಗಿಲಿಗೆ ಬರುವಾಗ ನಮ್ಮವರ ಮುಖ ಇದ್ದಿಲಿನ ಬಣ್ಣ, ನನ್ನ ಮುಖ ಅಳುವ ಬಣ್ಣ.

ಅಪ್ಪ ಹೊಸ್ತಿಲ ಮೇಲೆಯೇ ನಿಂತಿದ್ದರು. ಹಿಂದೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಸುದ್ದಿ ನಮಗಿಂತ ಮುಂಚೆಯೇ ಬಂದಿತ್ತು, ಎರಡು ತರದಲ್ಲಿ.

"ಜಾರಿ ಬಿದ್ದೀ ಅಂತ ಒಬ್ಬರು ಹೇಳಿದ್ರು. ಮುಳುಗಿದೀ ಅಂತ ಒಬ್ಬರು ಹೇಳಿದ್ರು. ಯಾವ್ದು ಖರೆ?"

ಎರಡೂ ಖರೆ ಎಂದೆ. ಮೊದಲು ಜಾರಿದೆ, ಆಮೇಲೆ ನಾನಾಗೇ ಮುಳುಗಿದೆ ಎಂದೆ. ನೀವು ಮಾಡಿಸಿದ್ದು ಸುಳ್ಳು ಎಂದು ಅಲ್ಲ, ಆಗ ನನಗೆ ನಿದ್ದೆ ಬಂದಿತ್ತು ಎಂದೆ. ಬೇರೆ ಮಾತು ತೋಚಲಿಲ್ಲ.

ಅಪ್ಪ, ನೀರು ತಣ್ಣಗಿತ್ತೇ ಎಂದು ಕೇಳಿದರು. ತಣ್ಣಗಿತ್ತು ಎಂದೆ. ಕಿವಿಯೊಳಗೆ ಹೋಯಿತೇ ಎಂದರು. ಹೋಯಿತು ಎಂದೆ. ಬಸುರಿ ಹೆಂಗಸನ್ನು ಹೊಳೆಗೆ ಇಳಿಸಿದವರಿಗೆ ಬುದ್ಧಿ ಇದೆಯೇ ಎಂದು ನಮ್ಮವರ ಕಡೆ ನೋಡಿದರು. ನಮ್ಮವರು ಇದ್ದಿಲಿನ ಮುಖ ತಗ್ಗಿಸಿದರು. ಅಪ್ಪ ಒಳಗೆ ಹೋಗಿ ದವಾಖಾನೆಯ ಬ್ಯಾಟರಿ ತಂದರು. ನನ್ನನ್ನು ಕೈಹಿಡಿದು ಹೊಸ್ತಿಲು ದಾಟಿಸಿ, ಪಡಸಾಲೆಯ ಕಂಬಕ್ಕೆ ಒರಗಿಸಿ ಕೂರಿಸಿ, ತಲೆ ಒಂದು ಬದಿಗೆ ವಾಲಿಸಿ ಬೆಳಕು ಬಿಟ್ಟು ನೋಡಿದರು. ಆ ಕಿವಿ ಆಯಿತು, ಈ ಕಿವಿ ಆಯಿತು. ಅವರ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು.

ಅವ್ವ ತಡೆಯಲಾರದೆ, ಏನಾಗಿದೆ ಎಂದು ಕೇಳಿದಳು.

"ಏನಾಗಿಲ್ಲ. ಕಿವಿ ಎರಡೂ ಛಲೋ ಅದಾವ," ಎಂದು ಅಪ್ಪ ಬ್ಯಾಟರಿ ಆರಿಸಿದರು. "ಮಾತು ಕೇಳಂಗಿಲ್ಲ, ಅಷ್ಟ."